ನೆಕ್ಸ್ಟ್ ನೆಕ್ಸ್ಟ್ ಫಿನಿಶ್

ಹೊರನಾಡಿನಲ್ಲಿ ಪುಕ್ಕಟೆ ಎಂದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರೆಲ್ಲ ಪಂಕ್ತಿಯಲ್ಲಿ ಕೂತು ಉಂಡು ಏಳುತ್ತಾರೆ. ಊಟಕ್ಕೆ ಎಷ್ಟು ಎಂದು ಕೇಳುವವರು ಮೊದಲ ಸಲ ಬಂದವರು. ಹುಂಡಿಗೆ ಹಾಕಿದರೆ ಹಾಕಿದಿರಿ, ಇಲ್ಲದಿದ್ದರೆ ಇಲ್ಲ. ಇಂಥ ಊರಿನ ಮಗ್ಗುಲಲ್ಲೇ ಬೆಳೆದವನಿಗೆ 'ಪುಕ್ಕಟೆ ಸಿಗುವುದರಲ್ಲೆಲ್ಲ ಮೋಸ ಇದ್ದೇ ಇರುತ್ತದೆ' ಎಂಬ ಪೇಟೆಯವರ ಬುದ್ಧಿಮಾತು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಂತೂ ಇಳಿಯುವುದೇ ಇಲ್ಲ. ಯಾಕೆಂದರೆ ನನ್ನ ಕಂಪ್ಯೂಟರಿನಲ್ಲಿ ಇರುವುದರಲ್ಲೆಲ್ಲ ಬೆಲೆಬಾಳುವ ತಂತ್ರಾಂಶ ಯಾವುದು ಎಂದರೆ, ಅದು ಪುಕ್ಕಟೆ ಬಂದದ್ದೇ.

ನನಗೆ ಕಣ್ಣು ಕಾಣಿಸುವುದಿಲ್ಲ. ಪರದೆಯ ಮೇಲಿನದನ್ನು ನನಗೆ ಓದಿ ಹೇಳುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಬರೆಯಲು ಕೂತ. ಆಮೇಲೆ ಜೇಮ್ಸ್ ಟೆ ಕೈಜೋಡಿಸಿದ. ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ಅಂಧ ಮಕ್ಕಳಿಗೆಂದು ನಡೆದ ಸಂಗೀತ ಶಿಬಿರದಲ್ಲಿ ಚಿಕ್ಕಂದಿನಲ್ಲೇ ಪರಿಚಯವಾದವರಂತೆ. ಆಗ ಇಂಥ ಓದುಗ ತಂತ್ರಾಂಶದ ಬೆಲೆ ಕಂಪ್ಯೂಟರಿನ ಬೆಲೆಯನ್ನೂ ಮೀರುತ್ತಿತ್ತು. ಕಣ್ಣಿಲ್ಲದವನು ಅದೇ ಕಂಪ್ಯೂಟರಿಗೆ ಕಣ್ಣಿದ್ದವನಿಗಿಂತ ಹೆಚ್ಚು ದುಡ್ಡು ಯಾಕೆ ಕೊಡಬೇಕು ಎಂಬುದು ಅವರ ತಕರಾರು. ಅವರ ಜಾಲತಾಣದಲ್ಲಿ ದೇಣಿಗೆ ಕೇಳುತ್ತಾರೆ. 'ಈ ಸಲ ಬೇಡ' ಎನ್ನುವುದಕ್ಕೂ ಒಂದು ಕೊಂಡಿಯನ್ನು ಅಲ್ಲೇ ಇಟ್ಟಿದ್ದಾರೆ. ಇನ್‌ಸ್ಟಾಲ್ ಮಾಡಲು ಹೊರಟ ಕ್ಷಣದಿಂದಲೇ ಅದು ಮಾತಾಡಲು ಶುರುಮಾಡುತ್ತದೆ. ತನ್ನನ್ನು ಹೇಗೆ ಕೂರಿಸಿಕೊಳ್ಳಬೇಕು ಎಂದು ತಾನೇ ಓದಿ ಹೇಳುತ್ತದೆ. ಪಕ್ಕದಲ್ಲಿ ಕಣ್ಣಿದ್ದವರು ಯಾರೂ ಬೇಕಿಲ್ಲ.

ಹಾಗಾಗಿ ನಾನು ತಂತ್ರಾಂಶದ ಬೆಲೆ ಕೇಳುವುದಿಲ್ಲ. ಯಾರ ಕೈಯಿಂದ ಬಂತು, ಬಂದದ್ದು ಬಾಯಿಬಿಟ್ಟು ಮಾತಾಡುತ್ತದೆಯೋ ಇಲ್ಲವೋ ಎಂದು ಕೇಳುತ್ತೇನೆ.

ಹೊಸ ತಂತ್ರಾಂಶ ಇಳಿಸಿಕೊಳ್ಳುವ ಉಸಾಬರಿಯೇ ಯಾಕೆ, ಇದ್ದದ್ದರಲ್ಲಿ ಇರಬಾರದೇ ಎನ್ನುವವರಿದ್ದಾರೆ. ಇರಬಹುದಿತ್ತು, ಕನ್ನಡ ಇಲ್ಲದಿದ್ದರೆ. ಸೊಸೈಟಿಯ ವಾರ್ಷಿಕ ವರದಿ, ಸಂಘದ ಸುತ್ತೋಲೆ, ನೆಂಟರ ಮನೆಯ ಗೃಹಪ್ರವೇಶದ ಆಮಂತ್ರಣ ಎಲ್ಲ ಇವತ್ತಿಗೂ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲೇ ಬರುವುದುಂಟು. ಕಣ್ಣಿಗೆ ಅದು ಮುದ್ದಾದ ಕನ್ನಡ. ಕಂಪ್ಯೂಟರಿನ ಹೊಟ್ಟೆಯೊಳಗೆ ಮಾತ್ರ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸಿದ್ದು. 'ಕನ್ನಡ' ಎಂಬ ಮೂರಕ್ಷರವನ್ನು ಒಂದೊಂದೇ ಗುರುತಾಗಿ ಓದು ಎಂದರೆ ನನ್ನ ಎನ್‌ವಿಡಿಎ ಹೇಳುವುದು ಇಷ್ಟು: ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಎಸ್, ಕ್ಯೂ, ಇನ್ನೊಮ್ಮೆ ಗೀಟಿನ ಎ. ಇಡೀ ವಾರ್ಷಿಕ ವರದಿಯನ್ನು ಈ ಧಾಟಿಯಲ್ಲಿ ಕೇಳಿ ನೋಡಿ, ಸೊಸೈಟಿಯ ಲಾಭ ನಷ್ಟ ಎರಡರಿಂದಲೂ ವೈರಾಗ್ಯ ಬರುತ್ತದೆ. ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಬೇಕು, ಪಿಡಿಎಫ್ ಬಿಡಿಸುವುದೊಂದು ಬೇಕು, ಸ್ಕ್ಯಾನ್ ಮಾಡಿದ ಹಾಳೆಯ ಅಕ್ಷರ ಗುರುತಿಸುವುದು ಇನ್ನೊಂದು ಬೇಕು. ಕಣ್ಣಿದ್ದವರಿಗೆ ಇವು ಇಲ್ಲದೆಯೂ ನಡೆಯುತ್ತದೆ. ನಾವೇ ಇಂಟರ್‌ನೆಟ್ಟಿನ ಸಂತೆಯಲ್ಲಿ ಹೆಚ್ಚು ಅಲೆಯುವವರು. ಜೇಬುಗಳ್ಳರು ಸಿಗುವುದೂ ನಮಗೇ ಹೆಚ್ಚು.

'ನುಡಿ ಟು ಯೂನಿಕೋಡ್ ಫ್ರೀ ಡೌನ್‌ಲೋಡ್' ಎಂದು ಹುಡುಕಿ ಮೊದಲು ಸಿಕ್ಕ ಪುಟ ತೆರೆದರೆ ಕಿವಿಗೆ ಬೀಳುವುದು ಹೀಗೆ: ಡೌನ್‌ಲೋಡ್, ಕೊಂಡಿ. ಡೌನ್‌ಲೋಡ್ ನೌ, ಬಟನ್. ಸ್ಟಾರ್ಟ್ ಡೌನ್‌ಲೋಡ್, ಕೊಂಡಿ. ಫ್ರೀ ಡೌನ್‌ಲೋಡ್, ಗ್ರಾಫಿಕ್, ಕೊಂಡಿ. ನೋಡುವವರಿಗೆ ಇದರಲ್ಲಿ ಒಂದು ದೊಡ್ಡದು, ಹಸಿರು ಬಣ್ಣದ್ದು. ನಿಜವಾದದ್ದು ಎಲ್ಲೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದಂತೆ. ಹಸಿರುಗಳಲ್ಲಿ ಮುಕ್ಕಾಲು ಪಾಲು ಜಾಹೀರಾತು. ನನಗೆ ಎಲ್ಲವೂ ಒಂದೇ ಗಾತ್ರ, ಒಂದೇ ದನಿ. ಹಸಿರಿಗೆ ಮರುಳಾಗುವ ಭಯವಿಲ್ಲ ನಿಜ. ಆದರೆ ನಾಲ್ಕರಲ್ಲಿ ನಿಜ ಯಾವುದು ಎಂದು ದನಿ ಹೇಳುವುದಿಲ್ಲ. ಅದಕ್ಕೊಂದು ಉಪಾಯವಿದೆ. ಕೊಂಡಿಯ ಮೇಲೆ ನಿಂತು ಇನ್ಸರ್ಟ್ ಕೀಲಿಯ ಜೊತೆ ಕೆ ಒತ್ತಿದರೆ ಅದು ಎಲ್ಲಿಗೆ ಕರೆದೊಯ್ಯುತ್ತದೆ ಎಂಬ ವಿಳಾಸವನ್ನು ಎನ್‌ವಿಡಿಎ ಓದುತ್ತದೆ. ವಿಳಾಸದಲ್ಲಿ ತಂತ್ರಾಂಶ ಮಾಡಿದವರ ಹೆಸರಿಲ್ಲದೆ ಯಾವುದೋ ಜಾಹೀರಾತು ಕಂಪನಿಯ ಬಾಲಂಗೋಚಿ ಇದ್ದರೆ ಅಲ್ಲಿಗೆ ನಮಸ್ಕಾರ. ಅನುಮಾನ ಬಂದರೆ ಒಂದೊಂದೇ ಅಕ್ಷರ ಓದಿಸುತ್ತೇನೆ. ಎಲ್ ಅಕ್ಷರದ ಜಾಗದಲ್ಲಿ ಒಂದು ಅಂಕಿ ಕೂರಿಸಿ ಕಣ್ಣಿಗೆ ಮಣ್ಣೆರಚುವವರಿದ್ದಾರೆ. ಕಿವಿಗೆ 'ಎಲ್' ಬೇರೆ, 'ಒನ್' ಬೇರೆ.

ಹೆಸರುವಾಸಿ ಅಂಗಡಿ ಎಂದು ನಂಬಿ ಕೂರುವ ಹಾಗೂ ಇಲ್ಲ. 2011ರ ಕೊನೆಯಲ್ಲಿ ಎನ್‌ಮ್ಯಾಪ್ ಎಂಬ ತಂತ್ರಾಂಶವನ್ನು ಬರೆದ ಗಾರ್ಡನ್ ಲಯನ್ ಗಲಾಟೆ ಎಬ್ಬಿಸಿದ: ಡೌನ್‌ಲೋಡ್ ಡಾಟ್ ಕಾಮ್ ಎನ್‌ಮ್ಯಾಪ್‌ಗೆ ತನ್ನದೇ ಹೊದಿಕೆ ಹೊದಿಸಿ, ಯಾವುದೋ ಟೂಲ್‌ಬಾರನ್ನು ಜೊತೆಗೆ ಕಟ್ಟಿ ಕೊಡುತ್ತಿದೆ ಎಂದು. ಮುಕ್ತ ತಂತ್ರಾಂಶಗಳ ತವರಿನಂತಿದ್ದ ಸೋರ್ಸ್‌ಫೋರ್ಜ್ ಕೂಡ 2013ರಲ್ಲಿ ಇದೇ ದಾರಿ ಹಿಡಿಯಿತು. ಚಿತ್ರ ತಿದ್ದುವ ಗಿಂಪ್ ತಂಡದವರು ಬೇಸತ್ತು ಅಲ್ಲಿಂದ ಹೊರಟೇಹೋದರು. ಅವರು ಬಿಟ್ಟುಹೋದ ಖಾತೆಯನ್ನೇ 2015ರಲ್ಲಿ ಸೋರ್ಸ್‌ಫೋರ್ಜ್ ತನ್ನ ಕೈಗೆ ತೆಗೆದುಕೊಂಡು, ಜಾಹೀರಾತು ಕಟ್ಟಿದ ಪ್ರತಿಯನ್ನು ಹಂಚಿ ಬೈಸಿಕೊಂಡಿತು. 2016ರಲ್ಲಿ ಯಜಮಾನಿಕೆ ಬದಲಾದ ಮೇಲೆ ಆ ಪದ್ಧತಿ ನಿಂತಿತು. ಅಂಗಡಿಯ ಹಳೆಯ ಕೀರ್ತಿ ಇವತ್ತಿನ ಸರಕಿಗೆ ಜಾಮೀನಲ್ಲ. ಆದ್ದರಿಂದ ಮಾಡಿದವರ ಮನೆ ಬಾಗಿಲಿಗೇ ಹೋಗುವುದು ಲೇಸು. ಪರಿವರ್ತಕದಂಥ ಸಣ್ಣ ಕೆಲಸವಾದರೆ ಇಳಿಸಿಕೊಳ್ಳುವ ಗೋಜೂ ಬೇಡ, ಬ್ರೌಸರಿನಲ್ಲೇ ಅಂಟಿಸಿ ತಿರುಗಿಸಿಕೊಡುವ ಪುಟಗಳು ಕನ್ನಡದಲ್ಲೇ ಇವೆ.

ಸರಿ, ಕಡತ ಬಂತು. ನಮ್ಮ ಕಡೆ ಅದು ಬರುವುದೂ ಒಂದು ಸಾಹಸ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರಿನ ಪ್ರಾಣವೂ ಹೋಗುತ್ತದೆ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದ ವರ್ಷಗಳಲ್ಲಿ ಕಳಸದಿಂದ ಕಂಪ್ಯೂಟರ್ ರಿಪೇರಿಯವನು ಬರುವುದಂತೂ ದೂರದ ಮಾತು. ಎದ್ದರೂ ಬಿದ್ದರೂ ನಮ್ಮದನ್ನು ನಾವೇ ನೋಡಿಕೊಳ್ಳಬೇಕು. ಇಲ್ಲವಾದರೆ ರಜೆಗೆ ಬಂದ ಅಕ್ಕನ ಮಗ ನೋಡಿಕೊಳ್ಳಬೇಕು.

ಅಕ್ಕನ ಮಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಕಣ್ಣು ಚುರುಕು, ಬೆರಳು ಅದಕ್ಕಿಂತ ಚುರುಕು. ಒಮ್ಮೆ ನಾನು ತಂತ್ರಾಂಶವೊಂದನ್ನು ಇನ್‌ಸ್ಟಾಲ್ ಮಾಡಲು ಕೂತಾಗ, "ಮಾವ, ನೀವು ಅದು ಪೂರ್ತಿ ಓದೋ ಹೊತ್ತಿಗೆ ಕಾಫಿ ಕೊಯ್ಲು ಮುಗೀತದೆ. ಇತ್ಲಾಗೆ ಕೊಡಿ" ಎಂದು ಮೌಸ್ ಎಳೆದುಕೊಂಡ. ಟಕ್, ಟಕ್, ಟಕ್. "ಆಯ್ತು ಮಾವ." ಎನ್‌ವಿಡಿಎ ಪ್ರತಿ ಕಿಟಕಿಯ ಮೊದಲ ಪದವನ್ನು ಶುರುಮಾಡುವಷ್ಟರಲ್ಲಿ ಆ ಕಿಟಕಿಯೇ ಮಾಯ. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಅವನು ಮಂಗಳೂರಿನ ಬಸ್ಸು ಹತ್ತಿದ. ಅವನು ಬಿಟ್ಟುಹೋದವರು ನನ್ನ ಜೊತೆ ಸಂಸಾರ ಹೂಡಿದರು. ಬ್ರೌಸರಿನ ಮೊದಲ ಪುಟ ಬದಲಾಗಿತ್ತು. ಐದು ನಿಮಿಷಕ್ಕೊಮ್ಮೆ 'ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ, ಈಗಲೇ ಸರಿಪಡಿಸಿ' ಎಂಬ ಪೆಟ್ಟಿಗೆ ಏಳುತ್ತಿತ್ತು. ಕಣ್ಣಿದ್ದವರಿಗೆ ಅದು ಮೂಲೆಯಲ್ಲೊಂದು ಕಿರಿಕಿರಿ, ಬಿಟ್ಟರೆ ಬಿಟ್ಟಂತೆ. ನನಗೆ ಹಾಗಲ್ಲ. ಪ್ರತಿ ಪೆಟ್ಟಿಗೆಯೂ ನಾನು ಕೇಳುತ್ತಿದ್ದ ಸಾಲನ್ನು ಅರ್ಧಕ್ಕೆ ತುಂಡರಿಸಿ ನನ್ನನ್ನು ಅಲ್ಲಿಗೆ ಎಳೆದೊಯ್ಯುತ್ತದೆ. ಟೈಪ್ ಮಾಡುತ್ತಿದ್ದ ಅಕ್ಷರ ಕಾಗದದ ಬದಲು ಆ ಪೆಟ್ಟಿಗೆಗೆ ಬೀಳುತ್ತದೆ. ಎಂಟರ್ ಒತ್ತುವ ಹೊತ್ತಿಗೇ ಅದು ಎದ್ದರೆ 'ಸರಿಪಡಿಸಿ' ಎಂಬುದಕ್ಕೆ ನಾನೇ ಹೂಂ ಅಂದ ಹಾಗೆ.

ಮುಂದಿನ ರಜೆಯಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಈಗ ನೀನು ನೋಡಬೇಡ, ಕೇಳು." ಇನ್‌ಸ್ಟಾಲ್ ಆದವುಗಳ ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿದರೆ ಒಂದೇ ದಿನ ನುಗ್ಗಿದವರೆಲ್ಲ ಸಾಲಾಗಿ ಸಿಗುತ್ತಾರೆ. ಒಬ್ಬೊಬ್ಬರನ್ನೇ ಹೊರಗೆ ಹಾಕಿದೆವು. ಅದರಲ್ಲೊಂದು ಹೋಗುವಾಗ, 'ಈ ಸೌಲಭ್ಯವನ್ನು ಉಳಿಸಿಕೊಳ್ಳದೆ ಮುಂದುವರಿಯುವುದನ್ನು ರದ್ದು ಮಾಡಬೇಕೆ' ಎಂಬ ಧಾಟಿಯಲ್ಲಿ ಕೇಳಿತು. ಹೌದು ಅಂದರೆ ಹೋಗುತ್ತದೋ, ಇಲ್ಲ ಅಂದರೆ ಹೋಗುತ್ತದೋ ತಿಳಿಯದೆ ಭಾವೀ ಇಂಜಿನಿಯರ್ ತಲೆ ಕೆರೆದುಕೊಂಡ. "ಎಂತ ಮಾವ ಇದು, ಯಾವ ವಕೀಲ ಬರೆದದ್ದು?" ಅವನು ಆ ಸಾಲನ್ನು ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು.

ಕಾಫಿ ಸೀಮೆಯವರಿಗೆ ತಂತ್ರಾಂಶದ ಈ ಬೆರಕೆಯನ್ನು ಹೇಳಲು ಚಿಕೋರಿಗಿಂತ ಹತ್ತಿರದ ಮಾತು ಬೇರೆ ಸಿಗಲಿಕ್ಕಿಲ್ಲ. ಚಿಕೋರಿ ಬೆರೆಸುವುದು ಅಪರಾಧವಲ್ಲ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕೆ ಕಡಿಮೆ ಇರಬಾರದು, ಎಷ್ಟು ಬೆರೆಸಿದೆ ಎಂದು ಪೊಟ್ಟಣದ ಮೇಲೆ ಬರೆಯಬೇಕು ಎನ್ನುತ್ತದೆ ನಮ್ಮ ಕಾನೂನು. ತಂತ್ರಾಂಶದ ಪೊಟ್ಟಣದಲ್ಲೂ ಬರೆದಿರುತ್ತಾರೆ, ಆದರೆ ಯಾರೂ ಓದದ ಹಾಗೆ. 'ಎಕ್ಸ್‌ಪ್ರೆಸ್, ಶಿಫಾರಸು ಮಾಡಿದ್ದು' ಎಂಬುದು ಕಪ್ಪಗೆ, ದಪ್ಪಗೆ. ಬೆರಕೆ ಬೇಡ ಎನ್ನಲು ಹೋಗಬೇಕಾದ 'ಕಸ್ಟಮ್' ಎಂಬುದು ಮಾಸಲು ಬೂದು ಬಣ್ಣದಲ್ಲಿ. ನೋಡಿದವರು ಅದು ಕೆಲಸ ಮಾಡದ ಬಟನ್ ಎಂದುಕೊಳ್ಳಬೇಕು. ಈ ಚಮತ್ಕಾರ ನನ್ನ ಹತ್ತಿರ ನಡೆಯುವುದಿಲ್ಲ. ನಿಜಕ್ಕೂ ಕೆಲಸ ಮಾಡದ ಬಟನ್ ಆದರೆ ಎನ್‌ವಿಡಿಎ 'ಅನ್‌ಅವೈಲೆಬಲ್' ಎನ್ನುತ್ತದೆ. ಹಾಗೆನ್ನಲಿಲ್ಲವೆಂದರೆ ಬೂದಿಯ ಕೆಳಗೆ ಕೆಂಡವಿದೆ ಎಂದರ್ಥ. ಎರಡನೆಯ ಕಿಟಕಿಯಲ್ಲಿ 'ನೆಕ್ಸ್ಟ್' ಇದ್ದ ಜಾಗದಲ್ಲೇ ಮೂರನೆಯದರಲ್ಲಿ 'ಆಕ್ಸೆಪ್ಟ್' ತಂದಿಡುತ್ತಾರೆ. ಮೌಸಿನವರು ಜಾಗ ನೋಡಿ ಒತ್ತುತ್ತಾರೆ, ನಾನು ಹೆಸರು ಕೇಳಿ ಒತ್ತುತ್ತೇನೆ. 'ಆಕ್ಸೆಪ್ಟ್' ಎಂದು ಕೇಳಿದೊಡನೆ ಕೈ ತಡೆಯುತ್ತದೆ: ಏನನ್ನು ಒಪ್ಪಬೇಕಂತೆ? ಇನ್ಸರ್ಟ್ ಜೊತೆ ಬಿ ಒತ್ತಿ ಇಡೀ ಕಿಟಕಿಯನ್ನು ಓದಿಸಿದರೆ ಒಳಗಿನ ಬೆರಕೆ ಹೊರಗೆ ಬೀಳುತ್ತದೆ. ಟ್ಯಾಬ್ ಕೀಲಿಯನ್ನೇ ನಂಬಿ ಹೋದರೆ ಬಟನ್ನಿಂದ ಬಟನ್ನಿಗೆ ನೆಗೆಯುತ್ತೇವೆ. ನಡುವೆ ಸುಮ್ಮನೆ ಬರೆದಿಟ್ಟ ಸಾಲು ಕಿವಿಗೆ ಬೀಳುವುದೇ ಇಲ್ಲ. ಮೋಸದ ಷರತ್ತು ಕೂತಿರುವುದು ಅಂಥ ಸಾಲಿನಲ್ಲೇ.

ಹಾಗೆಂದು ಕಿವಿಯವರೇ ಜಾಣರು ಎಂದು ಬೀಗುವಂತಿಲ್ಲ. ಅರ್ಧಕ್ಕರ್ಧ ಕಿಟಕಿಗಳು ಚಂದ ಕಾಣಲೆಂದು ಬಟನ್ನುಗಳನ್ನೆಲ್ಲ ಬರಿಯ ಚಿತ್ರವಾಗಿ ಬರೆದಿಡುತ್ತವೆ. ಅಲ್ಲಿ ಟ್ಯಾಬ್ ಒತ್ತಿದರೆ ಎನ್‌ವಿಡಿಎ 'ಬಟನ್' ಎನ್ನುತ್ತದೆ, ಇನ್ನೊಮ್ಮೆ ಒತ್ತಿದರೆ 'ಬಟನ್'. ಯಾವುದು ಹೌದು, ಯಾವುದು ಬೇಡ? ಇನ್ಸರ್ಟ್ ಜೊತೆ ಆರ್ ಒತ್ತಿದರೆ ಪರದೆಯ ಚಿತ್ರದಿಂದ ಅಕ್ಷರ ಹೆಕ್ಕಿ ಓದುವ ಅನುಕೂಲವಿದೆ. ಅದು ಪದಗಳನ್ನು ಹೇಳುತ್ತದೆ. ಪದದ ಪಕ್ಕದ ಚೌಕದಲ್ಲಿ ಟಿಕ್ ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ. ನಮಗೆ ಬೇಕಿರುವುದೇ ಆ ಟಿಕ್ಕಿನ ಸುದ್ದಿ. ಪ್ರಾಮಾಣಿಕರ ತಂತ್ರಾಂಶಗಳೂ ಹೀಗೆ ಮೂಕವಾಗಿರುವುದರಿಂದ ನಮ್ಮಲ್ಲಿ ಅನೇಕರಿಗೆ ಒಂದು ಅಭ್ಯಾಸ ಬಿದ್ದುಹೋಗಿದೆ: ಏನೂ ಕೇಳಿಸದಿದ್ದರೆ ಎಂಟರ್ ಒತ್ತು, ದೇವರಿದ್ದಾನೆ. ಕಳ್ಳನಿಗೆ ಬೇಕಾದದ್ದೂ ಅಷ್ಟೇ.

ಅದಕ್ಕೇ ನಾನು ಸಾಧ್ಯವಾದಲ್ಲೆಲ್ಲ ಕಿಟಕಿಗಳ ಸಹವಾಸವನ್ನೇ ಬಿಟ್ಟಿದ್ದೇನೆ. ವಿಂಡೋಸ್‌ನಲ್ಲಿ 2021ರಿಂದ ವಿನ್‌ಗೆಟ್ ಎಂಬುದೊಂದಿದೆ. ಕಪ್ಪು ಪರದೆಯಲ್ಲಿ ತಂತ್ರಾಂಶದ ಹೆಸರು ಬರೆದು ಎಂಟರ್ ಒತ್ತಿದರೆ, ಮಾಡಿದವರ ತಾಣದಿಂದಲೇ ಕಡತ ತಂದು, ಕಡತದ ಗುರುತು ಪಟ್ಟಿಯಲ್ಲಿದ್ದದ್ದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿ ಕೂರಿಸುತ್ತದೆ. ಬಣ್ಣವಿಲ್ಲ, ಚಿತ್ರವಿಲ್ಲ, ಬರೆದ ಸಾಲುಗಳು ಮಾತ್ರ. ಕಣ್ಣಿನವರು ಹೆದರುವ ಆ ಕಪ್ಪು ಪರದೆ ನಮಗೆ ತವರುಮನೆ. ವಿನ್‌ಗೆಟ್ಟಿನಲ್ಲಿ ಸಿಗದ್ದಾದರೆ ಕಡತದ ಮೇಲೆ ಆಲ್ಟ್ ಎಂಟರ್ ಒತ್ತಿ 'ಡಿಜಿಟಲ್ ಸಿಗ್ನೇಚರ್ಸ್' ಎಂಬ ಹಾಳೆಗೆ ಹೋಗುತ್ತೇನೆ. ಎನ್‌ವಿಡಿಎ ಕಡತವಾದರೆ ಅಲ್ಲಿ ಅದನ್ನು ಮಾಡುವ ಸಂಸ್ಥೆಯಾದ ಎನ್‌ವಿ ಆಕ್ಸೆಸ್‌ನ ರುಜು ಇರಬೇಕು. ಆ ಹಾಳೆಯೇ ಇಲ್ಲದಿದ್ದರೆ ಕಡತಕ್ಕೆ ಹೇಳಿಕೊಳ್ಳುವ ಅಪ್ಪ ಇಲ್ಲ. ಆಮೇಲೆ ವೈರಸ್‌ಟೋಟಲ್‌ಗೆ ಕೊಟ್ಟರೆ ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೆ ಮೂಸಿ ನೋಡುತ್ತವೆ. ಕಡತದ ಹೆಸರಿನ ಬಾಲವನ್ನು ವಿಂಡೋಸ್ ತಾನಾಗಿ ಮುಚ್ಚಿಡುತ್ತದೆ. ಅದನ್ನು ಬಿಚ್ಚಿಟ್ಟುಕೊಳ್ಳದಿದ್ದರೆ 'ಬಿಲ್ ಡಾಟ್ ಪಿಡಿಎಫ್' ಎಂದು ಓದಿಸಿಕೊಂಡದ್ದು ನಿಜದಲ್ಲಿ 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಆಗಿರುತ್ತದೆ. ಪರದೆಯಲ್ಲಿ ಇಲ್ಲದ್ದನ್ನು ಎನ್‌ವಿಡಿಎ ತಾನೇ ಹೇಗೆ ಓದೀತು? ಕೊನೆಯಲ್ಲಿ ವಿಂಡೋಸ್ ಅನುಮತಿ ಕೇಳುವ ಪರದೆ ಬರುತ್ತದೆ, ಮಾಡಿದವರ ಹೆಸರು ಅಲ್ಲೂ ಇರುತ್ತದೆ. ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಓಡಿಸುವ ಎನ್‌ವಿಡಿಎ ಆ ಒಂದು ಪರದೆಯ ಮುಂದೆ ಬಾಯಿ ಮುಚ್ಚುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ನಮ್ಮವರು ಇದನ್ನು ನೆನಪಿಡಬೇಕು.

ಈಚೆಗೆ ನಮಗೆಂದೇ ಹೆಣೆದಂತಿರುವ ಬಲೆಯೊಂದು ಬಂದಿದೆ. 'ನೀವು ಮನುಷ್ಯರೆಂದು ತೋರಿಸಲು ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ' ಎನ್ನುತ್ತದೆ ಪುಟ. ಕ್ಲಿಕ್‌ಫಿಕ್ಸ್ ಎಂದು ಅದರ ಹೆಸರು, 2024ರಿಂದ ಜೋರಾಗಿದೆ. ಆ ಪುಟ ಕದ್ದು ಕ್ಲಿಪ್‌ಬೋರ್ಡಿಗೆ ತುಂಬಿಟ್ಟ ಆಜ್ಞೆಯನ್ನು ನಮ್ಮ ಕೈಯಿಂದಲೇ ಓಡಿಸುವ ಹುನ್ನಾರ. ಮೌಸ್ ಹಿಡಿಯುವವರಿಗೆ ಇದೇನು ವಿಚಿತ್ರ ಎಂದಾದರೂ ಅನ್ನಿಸೀತು. ದಿನವಿಡೀ ಕೀಲಿಗಳಲ್ಲೇ ಬದುಕುವ ನಮಗೆ, ಕ್ಯಾಪ್ಚಾ ಎಂದರೆ ಸಾಕಾಗಿ ಹೋಗಿರುವ ನಮಗೆ, 'ಅಬ್ಬಾ, ಕೊನೆಗೂ ನಮಗೆ ಆಗುವಂಥದ್ದು ಮಾಡಿದರಲ್ಲ' ಎಂದು ಸಂತೋಷವೇ ಆಗಿಬಿಡುತ್ತದೆ.

ನಮ್ಮ ಬಳಗದೊಳಗೇ ಇರುವ ಇನ್ನೊಂದು ರೋಗವನ್ನೂ ಹೇಳಿಬಿಡಬೇಕು. ಬೆಲೆಬಾಳುವ ಓದುಗ ತಂತ್ರಾಂಶಗಳ, ಇಂಪಾದ ದನಿಗಳ ಬೀಗ ಒಡೆದ ಪ್ರತಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ರಸಾದದ ಹಾಗೆ ಹಂಚಿಕೆಯಾಗುತ್ತವೆ. ಜೊತೆಗೊಂದು ಸೂಚನೆ: ಮೊದಲು ಆ್ಯಂಟಿವೈರಸ್ ಬಂದ್ ಮಾಡಿ. ಬೀಗ ಒಡೆದುಕೊಟ್ಟವನು ಯಾರು, ಒಡೆದ ಮೇಲೆ ಒಳಗೆ ಏನಿಟ್ಟ ಎಂದು ಕೇಳಿದರೆ, "ಅಣ್ಣಾ, ಎಲ್ಲರೂ ಹಾಕಿಕೊಂಡಿದ್ದಾರೆ" ಎನ್ನುತ್ತಾರೆ. ನಮ್ಮವರ ಸಂಕಟ ಗೊತ್ತಿದೆ. ಇಂಪಾದ ದನಿ ನಮಗೆ ಶೋಕಿಯಲ್ಲ, ದಿನವೆಲ್ಲ ಕೇಳಬೇಕಾದದ್ದು. ಎನ್‌ವಿಡಿಎಯ ಜೊತೆ ಬರುವ ಈ-ಸ್ಪೀಕ್ ಕನ್ನಡವನ್ನೂ ಓದುತ್ತದೆ, ಆದರೆ ಅದರ ಕನ್ನಡ ನೆಗಡಿಯಾದವರ ಕನ್ನಡ. ನಾನು ನೆಗಡಿಯನ್ನೇ ಸಹಿಸಿಕೊಂಡಿದ್ದೇನೆ.

ಕಂಪ್ಯೂಟರಿನಲ್ಲಿ ನೆಮ್ಮದಿಯೂ ಕಡತಗಳೂ ಕಳೆದುಹೋಗಬಹುದು. ಫೋನಿನಲ್ಲಿ ಬ್ಯಾಂಕೇ ಇದೆ. 'ಮದುವೆಯ ಕರೆಯೋಲೆ', 'ಆರ್‌ಟಿಒ ಚಲನ್' ಎಂಬ ಹೆಸರಿನ ಎಪಿಕೆ ಕಡತಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಕರೆಯೋಲೆ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಇನ್‌ಸ್ಟಾಲ್ ಮಾಡಿಕೊಳ್ಳಬೇಕಾದ ಮದುವೆ ಯಾವುದೂ ಇಲ್ಲ. ತಿಳಿಯದೆ ಹಾಕಿಕೊಂಡರೆ ಅದು ಮೊದಲು ಬೇಡುವುದು ಎಸ್‌ಎಂಎಸ್ ಓದುವ ಅನುಮತಿ ಅಥವಾ 'ಆಕ್ಸೆಸಿಬಿಲಿಟಿ' ಅನುಮತಿ. ಎರಡನೆಯದನ್ನು ಕೇಳಿದರೆ ನನ್ನಂಥವರ ಎದೆ ಚುರ್ ಎನ್ನಬೇಕು. ಫೋನಿನಲ್ಲಿ ನಮಗೆ ಓದಿ ಹೇಳುವ ಟಾಕ್‌ಬ್ಯಾಕ್ ಬದುಕಿರುವುದು ಅದೇ ಅನುಮತಿಯ ಮೇಲೆ. ಪರದೆಯ ಮೇಲಿನದ್ದನ್ನೆಲ್ಲ ಓದುವ, ನಮ್ಮ ಪರವಾಗಿ ಬಟನ್ ಒತ್ತುವ ಅಧಿಕಾರ ಅದು. ಟಾಕ್‌ಬ್ಯಾಕ್ ಕೈಯಲ್ಲಿ ಅದು ನಮ್ಮ ಕಣ್ಣು, ಕಳ್ಳ ಆ್ಯಪಿನ ಕೈಯಲ್ಲಿ ಅದೇ ಒಟಿಪಿ ಓದಿ ಹಣ ದಾಟಿಸುವ ಬೆರಳು. 2022ರಲ್ಲಿ ಬಂದ ಆಂಡ್ರಾಯ್ಡ್ 13 ಈ ಬಾಗಿಲಿಗೊಂದು ಅಗುಳಿ ಹಾಕಿತು. ಪ್ಲೇ ಸ್ಟೋರಿನ ಹೊರಗಿನಿಂದ ಹೀಗೆ ಕಡತವಾಗಿ ಬಂದ ಆ್ಯಪ್ ಆ ಅನುಮತಿ ಕೇಳಿದರೆ ಫೋನು ಸುಲಭಕ್ಕೆ ಕೊಡುವುದಿಲ್ಲ, ಸೆಟ್ಟಿಂಗ್ಸಿನೊಳಗೆ ಹೋಗಿ ಬೇರೆಯಾಗಿ ಬಿಡಿಸಬೇಕು. ಕಣ್ಣಿದ್ದವರಿಗೆ ಇದು ಶುದ್ಧ ಲಾಭ. ನಮ್ಮಲ್ಲಿ ಎಷ್ಟೋ ಜನ ಟಾಕ್‌ಬ್ಯಾಕ್‌ಗಿಂತ ಚುರುಕಾದದ್ದೆಂದು ಹೊರಗಿನ ಓದುಗ ಆ್ಯಪ್ ಬಳಸುವವರು, ಆ ಅಗುಳಿ ತೆಗೆಯುವ ವಿದ್ಯೆಯನ್ನು ಕಲಿತೇ ಇದ್ದಾರೆ. ಕಲಿತ ಕೈ ಮುಂದಿನ ಸಲ ಯಾರಿಗೆ ತೆಗೆಯುತ್ತಿದ್ದೇನೆ ಎಂದು ನಿಂತು ಕೇಳುವುದು ಕಡಿಮೆ. ಹಣ ಹೋಯಿತೆಂದು ಗೊತ್ತಾದರೆ ಮಾನ ಮರ್ಯಾದೆ ಎಣಿಸುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು. ತಡವಾದಷ್ಟೂ ಹಣ ಕೈ ಬದಲಾಯಿಸುತ್ತ ದೂರ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಪೂರ್ತಿ ನಿಶ್ಚಿಂತೆ ಇಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ತಂತ್ರಾಂಶದ ಒಂದು ಆವೃತ್ತಿ ಮಾಡಿದವರ ಸ್ವಂತ ತಾಣದಿಂದಲೇ, ಅವರದೇ ರುಜುವಿನೊಂದಿಗೆ ಕಳ್ಳನನ್ನು ಹೊತ್ತು ಲಕ್ಷಾಂತರ ಕಂಪ್ಯೂಟರುಗಳಿಗೆ ಹೋಯಿತು. ಅಲ್ಲಿ ಕಣ್ಣೂ ಸೋತಿತು, ಕಿವಿಯೂ ಸೋತಿತು. ಅಂಥದ್ದಕ್ಕೆ ಇರುವ ಮದ್ದೆಂದರೆ ಮುಖ್ಯ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿಟ್ಟು ಕಪಾಟು ಸೇರಿಸುವುದು, ಬೇಡದ ತಂತ್ರಾಂಶ ತರದೇ ಇರುವುದು.

ಆದರೆ ಅಂಥ ದೊಡ್ಡ ದರೋಡೆ ಅಪರೂಪ. ದಿನನಿತ್ಯ ನಮ್ಮನ್ನು ಕಾಡುವುದು ಮೂಕ ಕಿಟಕಿ. ಸುರಕ್ಷತೆಯ ತರಬೇತಿ ಕೊಡುವವರೆಲ್ಲ ನಮಗೆ 'ಎಚ್ಚರದಿಂದ ಓದಿ' ಎನ್ನುತ್ತಾರೆ. ಓದಲು ಬಿಡಿ ಎಂದು ತಂತ್ರಾಂಶ ಬರೆಯುವವರಿಗೆ ಯಾರೂ ಹೇಳುವುದಿಲ್ಲ. ಬಟನ್ನಿಗೆ ಹೆಸರು ಕೊಡುವುದು ಅವರಿಗೆ ಒಂದು ಸಾಲಿನ ಕೆಲಸ. ಅದನ್ನು ಮಾಡದವರು ತಾವು ಪ್ರಾಮಾಣಿಕರೇ ಆಗಿದ್ದರೂ, ಕೇಳಿಸದ್ದಕ್ಕೆ ಹೂಂ ಅನ್ನುವ ಚಾಳಿಯನ್ನು ನಮಗೆ ಕಲಿಸುತ್ತಿದ್ದಾರೆ. ಅವರು ಕಲಿಸಿದ ಪಾಠದ ಫಲ ಕಳ್ಳನಿಗೆ. ನನ್ನ ಮಟ್ಟಿಗೆ ನಾನು ತೀರ್ಮಾನಿಸಿಯಾಗಿದೆ. ನನಗೆ ಓದಿ ಹೇಳಲು ಬಾರದ ಕಿಟಕಿ ಎಷ್ಟೇ ದೊಡ್ಡ ಕಂಪನಿಯದಾಗಲಿ, ಎಷ್ಟೇ ಪುಕ್ಕಟೆಯದಾಗಲಿ, ಎಸ್ಕೇಪ್ ಒತ್ತಿ ಹೊರಗೆ ಬರುತ್ತೇನೆ. ಆಮೇಲೆ ಮಾಡಿದವರಿಗೆ ಒಂದು ಮೇಲ್ ಬರೆಯುತ್ತೇನೆ: ನಿಮ್ಮ ತಂತ್ರಾಂಶ ಚೆನ್ನಾಗಿದೆಯಂತೆ, ಮಾತು ಕಲಿಸಿ ಕಳಿಸಿ. ಕೆಲವರು ಕಲಿಸಿ ಕಳಿಸಿದ್ದೂ ಉಂಟು.